ಕೇಳಿಸುವವರು ಬರುವ ತನಕ

ಆ ಮನೆಯಲ್ಲಿ ಬ್ರೆಡ್ಡು ಮುಗಿಯುತ್ತಿತ್ತು, ಚಹಾಪುಡಿ ಮುಗಿಯುತ್ತಿತ್ತು, ಮೈಸೋಪು ಮುಗಿದು ಪಾತ್ರೆ ತೊಳೆಯುವ ಸೋಪಿನಲ್ಲಿ ಸ್ನಾನ ನಡೆಯುತ್ತಿತ್ತು. ಅಭಿಪ್ರಾಯ ಮಾತ್ರ ಒಂದು ದಿನವೂ ಮುಗಿದದ್ದಿಲ್ಲ. ಆಲ್ಮಾಟಿ ನಗರದ ಹಳೇ ಬಡಾವಣೆಯೊಂದರ ಮೂರನೇ ಮಹಡಿಯಲ್ಲಿ ಮೂವರು ಹುಡುಗರು ಸೇರಿ ಹಿಡಿದಿದ್ದ ಬಾಡಿಗೆ ಮನೆ ಅದು. ಅಲ್ದಿಯಾರ್‌ಗೆ ಸಂಗೀತದ ಮೇಲೆ ಅಭಿಪ್ರಾಯಗಳಿದ್ದವು. ಅವನ ತಾಯಿ ಊರಿನ ಶಾಲೆಯಲ್ಲಿ ಸಂಗೀತದ ಟೀಚರು, ಹಾಗಾಗಿ ಅದು ತನ್ನ ಹುಟ್ಟುಹಕ್ಕು ಎಂದು ತಿಳಿದಿದ್ದ. ಗ್ಲೆಬ್‌ಗೆ ಅಣಬೆಯ ಮೇಲೆ. ತಿಂದರೆ ಗೋಡೆ ಉಸಿರಾಡುವುದು ಕಾಣುತ್ತದಂತಲ್ಲ, ಆ ಜಾತಿಯ ಅಣಬೆ. ವಿಡಿಯೋ ಗೇಮು ಮತ್ತು ರಾಜಕೀಯದ ಮೇಲೆ ಇಬ್ಬರಿಗೂ ಇದ್ದವು, ದಿನಕ್ಕೊಂದು. ಮೂರನೆಯವನು ಕೈಸಾರ್. ಅವನಿಗೆ ಯಾವುದರ ಮೇಲೂ ಅಂಥ ಅಭಿಪ್ರಾಯವಿರಲಿಲ್ಲ. ಏನು ಕೇಳಿದರೂ "ಇರಬಹುದು" ಎನ್ನುತ್ತಿದ್ದ.

ಈ ಮೂವರು ಪ್ರತಿ ಶನಿವಾರ ಮಧ್ಯಾಹ್ನ ಟೀವಿಯ ಮುಂದೆ ಕೂತು ಗೇಮ್ ಆಡುತ್ತ, ಬಾಯಿಗೆ ಬಂದದ್ದು ಮಾತಾಡುತ್ತ, ಅದನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ಬಿಡುತ್ತಿದ್ದರು. 'ಸುಮ್ಮನೆ ಮಾತು' ಎಂದು ಹೆಸರು. ನೋಡುವವರು ಐವತ್ತು ದಾಟಿದ ದಿನ ಕೇಕ್ ತರುವುದೆಂದು ಮಾತಾಗಿತ್ತು. ಕೇಕ್ ಇನ್ನೂ ಅಂಗಡಿಯಲ್ಲೇ ಇತ್ತು. ಅಲ್ದಿಯಾರ್ ಮತ್ತು ಗ್ಲೆಬ್ ಆಡುತ್ತ ಹರಟುವುದು, ನೋಡುವವರು ಬರೆದ ಕಾಮೆಂಟುಗಳನ್ನು ಕೈಸಾರ್ ಲ್ಯಾಪ್‌ಟಾಪ್ ನೋಡಿ ಓದಿ ಹೇಳುವುದು. ಏರಿಳಿತವಿಲ್ಲದ ಅವನ ದನಿಯಲ್ಲಿ ಬೈಗುಳವೂ ಹವಾಮಾನ ವರದಿಯಂತೆ ಕೇಳುತ್ತಿತ್ತು. ಜನಕ್ಕೆ ಅದೇ ಇಷ್ಟವಾಗಿತ್ತು.

ಅಕ್ಟೋಬರಿನ ಅಂಥದೊಂದು ಶನಿವಾರ, ಅಲ್ದಿಯಾರ್ ಮಾಂಸ ತುಂಬಿದ ಬಿಸಿ ಸಂಸಾ ತರಲು ಕೆಳಗಿಳಿದಿದ್ದಾಗ, ಕೈಸಾರ್‌ನ ಫೋನು ಬಡಿದುಕೊಂಡಿತು. ಅಲ್ದಿಯಾರ್‌ನ ದೊಡ್ಡಪ್ಪ ಜುಮಾಬೆಕ್. ಚೂ ನದಿಯ ಕಡೆಯ ಆ ಸಣ್ಣ ಊರಿನಿಂದ ಅವರು ಕೈಸಾರ್‌ಗೆ ಫೋನ್ ಮಾಡಿದ್ದು ಅದೇ ಮೊದಲು.

"ಕೈಸಾರ್, ನಮ್ ಹುಡುಗ ಪಕ್ಕದಲ್ಲಿದಾನೇನಪ್ಪಾ?"

"ಇಲ್ಲ ಅಗಾ, ತಿನ್ನಕ್ಕೆ ತರಕ್ಕೆ ಹೋಗಿದಾನೆ."

"ಒಳ್ಳೇದಾಯ್ತು. ಗಟ್ಟಿಯಾಗಿ ನಿಂತ್ಕೊಂಡು ಕೇಳು. ಕುಲಿಯಾಶ್ ಹೋಗ್ಬಿಟ್ಳು. ಬೆಳಿಗ್ಗೆ ಹಾಲು ಕಾಯಿಸ್ತಾ ಇದ್ಳು, ಎದೆ ಹಿಡ್ಕೊಂಡು ಕೂತ್ಳು. ಅಷ್ಟೇ."

ಕುಲಿಯಾಶ್ ಎಂದರೆ ಅಲ್ದಿಯಾರ್‌ನ ತಾಯಿ. ಕೈಸಾರ್ "ಹೌದಾ" ಎಂದ. ಅದಕ್ಕಿಂತ ಒಳ್ಳೆಯ ಮಾತು ಯಾವುದಾದರೂ ಇರಬೇಕು ಎಂದು ಅವನಿಗೂ ಅನ್ನಿಸಿತು, ಸಿಗಲಿಲ್ಲ.

"ಅವನಿಗೆ ಒಂದಕ್ಷರ ಹೇಳ್ಬೇಡ," ಎಂದರು ಜುಮಾಬೆಕ್. ಹಿಂದೆ ಕಾರಿನ ಸದ್ದು ಕೇಳುತ್ತಿತ್ತು. "ನಾನು, ಅವನ ಸೋದರಮಾವ, ಬಾಯ್ಮುಖಾನ್ ಅತಾ, ಮೂರೂ ಜನ ಹೊರಟಿದೀವಿ. ಸಂಜೆ ಅಷ್ಟೊತ್ತಿಗೆ ಅಲ್ಲಿರ್ತೀವಿ. ಅತಾನೇ ಕೇಳಿಸ್ತಾರೆ. ಅಲ್ಲೀ ತನಕ ಅವನ ಕೈಗೆ ಫೋನ್ ಸಿಗಬಾರ್ದು. ಊರಲ್ಲಿ ಎಲ್ರ ಬಾಯಿಗೂ ಬೀಗ ಹಾಕಿ ಬಂದಿದೀನಿ. ಅಲ್ಲಿಂದು ನಿನ್ ಜವಾಬ್ದಾರಿ, ತಿಳೀತಾ?"

ಸಾವಿನ ಸುದ್ದಿಯನ್ನು ಅಲ್ದಿಯಾರ್ ಮತ್ತು ಕೈಸಾರ್‌ನ ಜನ ಯಾರೆಂದರೆ ಅವರ ಬಾಯಿಂದ, ನಿಂತ ನಿಲುವಿನಲ್ಲಿ ಹೇಳಿಸುವುದಿಲ್ಲ. ಹಿರಿಯರು ಮೂರ್ನಾಲ್ಕು ಮಂದಿ ಮನೆಗೆ ಬರುತ್ತಾರೆ, ಕೂರುತ್ತಾರೆ, ಚಹಾ ಕುಡಿಯುತ್ತಾರೆ, ರಸ್ತೆಯ ಬಗ್ಗೆ, ದನಕರುವಿನ ಬಗ್ಗೆ ಮಾತಾಡುತ್ತಾರೆ, ಸುತ್ತಿ ಬಳಸಿ ಹತ್ತಿರ ಬರುತ್ತಾರೆ. ಕೊನೆಗೆ ಆ ಮಾತು ಬೀಳುವ ಹೊತ್ತಿಗೆ ಕೇಳುವವನ ಎರಡೂ ಪಕ್ಕದಲ್ಲಿ ಹಿಡಿದುಕೊಳ್ಳುವ ಕೈಗಳಿರುತ್ತವೆ. ಇದಕ್ಕೆ ಕೇಳಿಸುವುದು ಎನ್ನುತ್ತಾರೆ. ಅದಾಗುವ ತನಕ ಊರಿಗೆ ಊರೇ ಏನೂ ಆಗದವರಂತೆ ಓಡಾಡುತ್ತದೆ. ಊರಿಗೇ ಅಜ್ಜನಂಥ ಬಾಯ್ಮುಖಾನ್ ಅತಾ ಈ ಕೆಲಸದಲ್ಲಿ ಆ ಸೀಮೆಗೇ ಹೆಸರಾದವರು. ಅವರು ಟೋಪಿ ಹಾಕಿಕೊಂಡು ಬೀದಿಗಿಳಿದರೆ ಜನ, ಅವರು ತಮ್ಮ ಮನೆ ದಾಟಿ ಹೋಗುವವರೆಗೂ ಉಸಿರು ಬಿಗಿಹಿಡಿಯುತ್ತಿದ್ದರಂತೆ.

ಕೈಸಾರ್‌ಗೆ ಯಾರೂ ಕೇಳಿಸಿರಲಿಲ್ಲ. ಕರಗಂಡ ಪಟ್ಟಣದಲ್ಲಿ ಬಸ್ಸು ಓಡಿಸುತ್ತಿದ್ದ ಅವನಪ್ಪ ತೀರಿಕೊಂಡ ದಿನ ಅವನು ಕಂಪ್ಯೂಟರ್ ಕ್ಲಬ್ಬಿನಲ್ಲಿ ಕೂತು ಆಡುತ್ತಿದ್ದ. ಹಿರಿಯರು ಇನ್ನೂ ಯಾರು ಹೋಗಿ ಹೇಳುವುದೆಂದು ಮಾತಾಡಿಕೊಳ್ಳುತ್ತಿದ್ದಾಗಲೇ, ಸಹಪಾಠಿಯೊಬ್ಬ ಕ್ಲಾಸಿನ ಗ್ರೂಪಿನಲ್ಲಿ ಸಂತಾಪ ಬರೆದುಬಿಟ್ಟಿದ್ದ, ಕೆಳಗೆ ಕೈ ಮುಗಿದ ಗೊಂಬೆಗಳ ಸಾಲು. ಕೈಸಾರ್ ಅದನ್ನು ಓದಿದ, ಫೋನು ಮಗುಚಿಟ್ಟ, ಆಟ ಮುಗಿಸಿದ. ಅವನ ತಂಡ ಗೆದ್ದಿತು. ಅಂದಿನಿಂದ ಅವನೊಳಗೆ ಯಾರೋ ರೇಡಿಯೋದ ಸದ್ದು ತಗ್ಗಿಸಿ, ಹೆಚ್ಚಿಸುವುದನ್ನು ಮರೆತು ಹೋದ ಹಾಗಾಗಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ಅಪ್ಪ ಇಲ್ಲ ಎಂದಷ್ಟೇ ಗೊತ್ತಿತ್ತು.

ಹಾಗಾಗಿ ಆ ಮಧ್ಯಾಹ್ನ ಅವನಿಗೆ ಬೇಕಾಗಿದ್ದುದು ಒಂದೇ. ಅಲ್ದಿಯಾರ್ ಅದನ್ನು ಪರದೆಯ ಮೇಲೆ ಓದಬಾರದು. ಹಿರಿಯರು ಬರಲಿ, ಅವರ ಬಾಯಿಂದ ಕೇಳಲಿ, ಅವರ ತೋಳಿನಲ್ಲಿ ಬೀಳಲಿ. ಇಷ್ಟು ಗಟ್ಟಿಯಾಗಿ ಏನನ್ನಾದರೂ ಬಯಸಿ ಅವನಿಗೆ ವರ್ಷಗಳೇ ಆಗಿದ್ದವು.

ಅಲ್ದಿಯಾರ್‌ನ ಫೋನು ಮನೆಯಲ್ಲೇ ಚಾರ್ಜಿಗೆ ಬಿದ್ದಿತ್ತು. ಮೂವರಲ್ಲಿ ಅವನ ಫೋನಿನದೇ ಒಳ್ಳೆಯ ಕ್ಯಾಮೆರಾ, ಶನಿವಾರದ ಮಾತಿಗೆ ಅದನ್ನೇ ನಿಲ್ಲಿಸುವುದು. ಕೈಸಾರ್ ಅದಕ್ಕೆ ಕರೆ, ಮೆಸೇಜು ಏನೂ ಬಾರದಂತೆ ಮಾಡಿ ಸ್ಟ್ಯಾಂಡಿಗೆ ಸಿಕ್ಕಿಸಿದ. ಆಮೇಲೆ ಅಡುಗೆಮನೆಗೆ ಹೋಗಿ ಗ್ಲೆಬ್‌ಗೆ ವಿಷಯ ಹೇಳಿದ.

ಗ್ಲೆಬ್ ಆಲ್ಮಾಟಿಯಲ್ಲೇ ಹುಟ್ಟಿ ಬೆಳೆದ ರಷ್ಯನ್. ಕೇಳಿದವನೇ ಚಾಕು ಕೆಳಗಿಟ್ಟ.

"ಅಯ್ಯೋ ದೇವ್ರೇ. ಮತ್ತೆ ಇಲ್ಲೇನ್ ಮಾಡ್ತಿದೀಯ? ಕೆಳಗೆ ಓಡು, ಹೇಳು ಅವನಿಗೆ!"

"ಹೇಳೋ ಹಾಗಿಲ್ಲ. ದೊಡ್ಡವರು ಬರ್ತಿದಾರೆ."

"ಸಂಜೆ ತನಕ? ಅಲ್ಲೀ ತನಕ ಅವನ ಮುಖ ನೋಡ್ಕೊಂಡು ಸುಳ್ಳು ಹೇಳೋದಾ? ಇದು ಮೋಸ ಕಣೋ."

"ಸುಳ್ಳಲ್ಲ. ಸುಮ್ನಿರೋದು."

"ಸುಮ್ನಿರ್ತೀಯ ನೀನು, ನಿಂಗದು ಅಭ್ಯಾಸ. ನಾನೇನ್ ಮಾಡ್ಲಿ?"

"ಮಾತಾಡು," ಎಂದ ಕೈಸಾರ್. "ಶೋ ಈಗ್ಲೇ ಶುರು ಮಾಡೋಣ. ಶೋ ನಡೀತಿದ್ರೆ ಅವನು ಫೋನ್ ಮುಟ್ಟಲ್ಲ. ಅಣಬೆ ವಿಷ್ಯ ತೆಗಿ, ನಿಂಗೆ ಅದು ಸಾಕಲ್ಲ."

ಒಳ್ಳೆಯ ಉಪಾಯವೆಂದೇ ಅವನಿಗನ್ನಿಸಿತ್ತು. ಒಂದು ವಿಷಯ ತಲೆಗೆ ಹೊಳೆಯದೇ ಹೋಯಿತು.

ಅಲ್ದಿಯಾರ್ ಸಂಸಾದ ಪೊಟ್ಟಣ ಎದೆಗೊತ್ತಿಕೊಂಡು ಬಂದ. ಎತ್ತರದ ಆಳು, ಸದಾ ಕೆದರಿದ ತಲೆ, ಬಾಗಿಲಲ್ಲೇ ಮಾತು ಶುರು. "ಲೇ, ಆ ಅಂಗಡಿಯವನು ಮತ್ತೆ ಅದೇ ಅಳೋ ಹಾಡು ಹಾಕ್ಕೊಂಡು ಕೂತಿದಾನೆ. ಮಾಂಸ ಬೇಯೋಕೆ ಮುಂಚೇನೇ ಕಣ್ಣೀರಲ್ಲಿ ಉಪ್ಪಾಗಿರುತ್ತೆ. ಏನು, ಆಗ್ಲೇ ಎಲ್ಲಾ ಜೋಡಿಸಿಟ್ಟಿದೀರ?"

"ಇವತ್ತು ಬೇಗ ಶುರು ಮಾಡೋಣ ಅಂತ," ಎಂದ ಕೈಸಾರ್.

"ನೀನಾ? ಶುರು ಮಾಡೋಣ ಅಂತ ನೀನು ಹೇಳ್ತಿದೀಯಾ? ಗ್ಲೆಬ್, ಇವನಿಗೆ ಏನಾದ್ರೂ ತಿನ್ನಿಸ್ದ್ಯೇನೋ?"

ಗ್ಲೆಬ್ ನಗಲು ನೋಡಿದ. ಬಾಯಿ ಅಗಲವಾಯಿತು, ಅಷ್ಟೇ.

ಶುರುವಾಯಿತು. ಟೀವಿಯಲ್ಲಿ ಯುದ್ಧದ ಗೇಮು. ಅಲ್ದಿಯಾರ್ ಮತ್ತು ಗ್ಲೆಬ್ ಸೋಫಾದ ಮೇಲೆ, ಪಕ್ಕದ ಸ್ಟೂಲಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೈಸಾರ್. ಮೊದಲ ಸಂಸಾ ಮುಗಿಯುವುದರೊಳಗೆ ಅಲ್ದಿಯಾರ್ ಎರಡು ಸಲ ಗುಂಡೇಟು ತಿಂದಿದ್ದ.

"ನೋಡಿ, ಈಗಿನ ಗೇಮುಗಳ ಕತೇನೇ ಇದು," ಎಂದು ಕ್ಯಾಮೆರಾಗೆ ಹೇಳಿದ. "ಚಿಕ್ಕವರಿದ್ದಾಗ ಸತ್ರೆ ಸತ್ತಂಗೆ. ಮೊದಲಿಂದ ಆಡ್ಬೇಕಿತ್ತು. ಎದೆ ಢವಢವ ಅಂತಿತ್ತು. ಈಗ ಸತ್ತಲ್ಲೇ ಎದ್ದು ನಿಲ್ತಾನೆ, ಧೂಳು ಕೊಡವ್ಕೊಂಡು ಹೋಗ್ತಾನೆ. ಸಾವಿಗೆ ಕಿಮ್ಮತ್ತೇ ಇಲ್ಲ. ಅಲ್ವೇನೋ ಗ್ಲೆಬ್?"

ಗ್ಲೆಬ್ ಪರದೆ ನೋಡುತ್ತಲೇ ಇದ್ದ. "ಅಣಬೆ," ಎಂದ.

"ಏನು?"

"ಅಣಬೆ ತಿಂದ್ರೆ ಅದು ಗೊತ್ತಾಗುತ್ತೆ. ಸಾವು ಗೀವು ಏನೂ ಇಲ್ಲ ಅಂತ."

"ಬಂದ ನೋಡಿ ಸ್ವಾಮೀಜಿ! ಕಳೆದ ವರ್ಷ ಬೆಟ್ಟಕ್ಕೆ ಹೋಗಿ ತಿಂದು ಏನ್ ಕಂಡೆ, ಅದನ್ನೂ ಹೇಳು ಜನಕ್ಕೆ."

"ಹಸು ನೋಡ್ದೆ."

"ಎಷ್ಟೊತ್ತು?"

"ಸೂರ್ಯ ಮುಳುಗೋ ತನಕ." ಗ್ಲೆಬ್‌ನ ದನಿಗೆ ಸ್ವಲ್ಪ ಜೀವ ಬಂತು. "ನಗ್ಬೇಡ. ಆ ಹಸು ಬೇರೆ, ನಾನು ಬೇರೆ ಅಂತ ಅನ್ನಿಸ್ಲಿಲ್ಲ. ಅದು ಮೆಲುಕು ಹಾಕ್ತಿದ್ರೆ ನನ್ ದವಡೆ ನೋಯ್ತಿತ್ತು."

"ಇಂಥವನು ಹೋಗಿ ಓಟು ಹಾಕ್ತಾನೆ ಸಾರ್. ನಮ್ಮ ದೇಶ ಉದ್ಧಾರ ಆಗ್ಬೇಕು."

"ನಾನು ಎಲ್ಲರ ವಿರುದ್ಧ ಅನ್ನೋ ಕಡೆ ಗುರುತು ಹಾಕಿದ್ದು. ನೀನು ಮನೇಲಿ ಮಲಗಿದ್ದೆ."

"ಮಲಗೋದೂ ಒಂದು ಅಭಿಪ್ರಾಯ. ಮೊದ್ಲು ನಿಮ್ಮೋರಿಗೆ ಹೇಳು, ಗಡಿ ದಾಟಿ ಬಂದು ಬಂದು ನಮ್ ಬಾಡಿಗೆ ಏರಿಸಿಟ್ರು."

"ನಮ್ಮಜ್ಜಿ ಇದೇ ಬೀದೀಲಿ ಹುಟ್ಟಿದ್ದು ಕಣೋ! ನಿಮ್ಮಜ್ಜಿ ಆಗ ಕುರಿ ಹಿಂದೆ ಓಡ್ತಿದ್ರು."

ಅಲ್ದಿಯಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ಹಾಗೆಯೇ, ಮೊದಲು ಭುಜ ಕುಲುಕುವುದು, ಸದ್ದು ಆಮೇಲೆ. ಕೈಸಾರ್ ಅದನ್ನು ನೋಡುತ್ತ ಕೂತ. ಮನಸ್ಸಿಗೆ ಏನಾದರೂ ಆಗಬೇಕಿತ್ತು. ಕಾಲು ಜೋಮು ಹಿಡಿದಾಗ ಚಿವುಟಿ ನೋಡುತ್ತೇವಲ್ಲ, ಹಾಗೆ ಒಳಗೆ ಚಿವುಟಿ ನೋಡಿಕೊಂಡ. ಏನೂ ಇಲ್ಲ. ಗಡಿಯಾರ ನೋಡಿದ, ಕಾಮೆಂಟು ಓದಿದ. "ಹಸುವಿನ ಅಭಿಪ್ರಾಯ ಏನು ಅಂತ ಒಬ್ಬರು ಕೇಳಿದಾರೆ."

ಆಗ ಅಲ್ದಿಯಾರ್ ಕೇಳಿದ. "ಅಮ್ಮ ಬಂದಿಲ್ವಾ?"

ಕೈಸಾರ್‌ಗೆ ಹೊಳೆಯದೇ ಹೋದದ್ದು ಇದೇ. ಶೋ ನೋಡುವ ನಲವತ್ತು ಚಿಲ್ಲರೆ ಮಂದಿಯಲ್ಲಿ ಒಂದು ಶನಿವಾರವೂ ತಪ್ಪಿಸದೆ ನೋಡುತ್ತಿದ್ದವರು ಒಬ್ಬರೇ. ಗುಲಾಬಿಯ ಚಿತ್ರ ಹಾಕಿಕೊಂಡಿದ್ದ ಕುಲಿಯಾಶ್ ಟೀಚರು. ಗೇಮು ಅವರಿಗೆ ತಿಳಿಯುತ್ತಿರಲಿಲ್ಲ, ಅಣಬೆಯೆಂದರೆ ಸಾರಿಗೆ ಹಾಕುವುದೆಂದೇ ನಂಬಿದ್ದರು. ಶುರುವಾದ ಕೂಡಲೇ ಒಂದು ಹೂವು ಕಳಿಸುವರು. ಆಮೇಲೆ ಒಂದೊಂದೇ ಕಾಮೆಂಟು: ಈ ಹಾಡಿಗೆ ತಾಳವೇ ಇಲ್ಲ. ಸರ್ಕಾರದ ಮಾತು ಬೇಡ ಮಗನೇ. ಗ್ಲೆಬ್ ಯಾಕೆ ಸೊರಗಿದ್ದಾನೆ? ಕೈಸಾರ್ ಅದನ್ನೆಲ್ಲ ಹವಾಮಾನ ವರದಿಯಂತೆ ಓದುವನು, ನೋಡುವವರು ಬಿದ್ದು ಬಿದ್ದು ನಗುವರು.

"ಬೇಗ ಶುರು ಮಾಡಿದ್ವಲ್ಲ," ಎಂದ ಕೈಸಾರ್. "ಗೊತ್ತಾಗಿರಲ್ಲ."

"ಹೌದು ಕಣೋ, ಕಾಯ್ತಿರ್ತಾಳೆ ಪಾಪ. ಫೋನ್ ಕೊಡಿಲ್ಲಿ, ಒಂದು ಮಾತು ಹೇಳ್ಬಿಡ್ತೀನಿ." ಅಲ್ದಿಯಾರ್ ಕಂಟ್ರೋಲರನ್ನು ಸೋಫಾದ ಮೇಲೆಸೆದು ಸ್ಟ್ಯಾಂಡಿನತ್ತ ಕೈ ಚಾಚಿಯೇಬಿಟ್ಟ.

"ಬಂದ್ರು," ಎಂದ ಕೈಸಾರ್.

ಅಲ್ದಿಯಾರ್‌ನ ಕೈ ನಿಂತಿತು.

"ಈಗ ತಾನೆ ಬಂದ್ರು. ಹೂವು ಹಾಕಿದಾರೆ."

ಗ್ಲೆಬ್ ಕತ್ತು ತಿರುಗಿಸಿ ಕೈಸಾರ್‌ನನ್ನು ನೋಡಿದ. ಕೈಸಾರ್ ಪರದೆಯ ಮೇಲಿನ ಖಾಲಿ ಜಾಗವನ್ನು ನೋಡುತ್ತಿದ್ದ. ಬಾಯಿಂದ ಹೊರಬಿದ್ದ ಮೇಲೆ ಅದು ಬೇರೆ ಯಾವ ಕಾಮೆಂಟಿಗಿಂತಲೂ ಭಾರವಾಗಿದೆ ಎಂದೇನೂ ಅವನಿಗನ್ನಿಸಲಿಲ್ಲ, ಭಯವಾದದ್ದೇ ಅದಕ್ಕೆ.

ಅಲ್ದಿಯಾರ್ ಮತ್ತೆ ಕೂತ. ಕ್ಯಾಮೆರಾದತ್ತ ಬಾಗಿ, ಕೂದಲು ಸರಿಮಾಡಿಕೊಂಡು, "ಅಮ್ಮಾ, ನಮಸ್ಕಾರ. ಸ್ವೆಟರ್ ಹಾಕ್ಕೊಂಡಿದೀನಿ, ನೋಡು," ಎಂದು ತೋಳು ಎತ್ತಿ ತೋರಿಸಿದ. "ನೀನು ಕಳಿಸಿದ ಒಣಮೊಸರಿನ ಉಂಡೆ ಮುಗೀತು. ನಾನಲ್ಲ, ಗ್ಲೆಬ್ ತಿಂದಿದ್ದು. ಬರೋ ತಿಂಗಳು ಬಂದು ನಾನೇ ತರ್ತೀನಿ, ಬಸ್ಸಲ್ಲಿ ಕಳಿಸ್ಬೇಡ, ಭಾರ ಹೊರಬೇಡ. ಏನಂದ್ಳೋ?"

"ಏನು?"

"ಅಮ್ಮ ಏನಾದ್ರೂ ಬರೆದ್ಳಾ ಅಂದೆ."

ಗ್ಲೆಬ್ ಎದ್ದು ಬಚ್ಚಲಿಗೆ ಹೋದ. ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿತು.

"ಆಯ್ತು ಅಂದ್ರು," ಎಂದ ಕೈಸಾರ್.

"ಇವತ್ತು ಒಳ್ಳೇ ಮೂಡಲ್ಲಿದಾಳೆ. ಎದುರು ಮಾತಿಲ್ಲದೆ ಆಯ್ತು ಅಂದ್ಳು!" ಅಲ್ದಿಯಾರ್ ಖುಷಿಯಾಗಿ ಇನ್ನೊಂದು ಸಂಸಾ ಮುರಿದ.

ಆಮೇಲೆ ಪೋಲೆಂಡಿನಲ್ಲಿ ಲಾರಿ ಓಡಿಸುವ ಊರಿನವನೊಬ್ಬನ ಕಾಮೆಂಟು ಬಂತು. ಜುಮಾಬೆಕ್‌ರ ಬೀಗ ಅಷ್ಟು ದೂರ ಮುಟ್ಟಿರಲಿಲ್ಲ. ಅಲ್ದಿಯಾರ್, ಟೀಚರ ಆತ್ಮಕ್ಕೆ ಶಾಂತಿ ಸಿಗಲಿ, ನಂಬಲಾಗುತ್ತಿಲ್ಲ, ಎಂದು ಬರೆದಿತ್ತು. ಕೈಸಾರ್ ಅದನ್ನು ಒತ್ತಿ ಅಳಿಸಿದ, ಬರೆದವನನ್ನೂ ಹೊರಗೆ ಹಾಕಿದ.

"ಏನೋ ಅದು?"

"ಸಾಲ ಕೊಡ್ತೀವಿ ಅನ್ನೋ ಜಾಹೀರಾತು."

ಬಚ್ಚಲಿನಿಂದ ಬಂದ ಗ್ಲೆಬ್‌ನ ಮುಖ ಒದ್ದೆಯಾಗಿತ್ತು. ಅವನು ಕೂತು ಒಂದೇ ಸಮನೆ ಮಾತಾಡತೊಡಗಿದ. ಹೊಸ ಹಾಡುಗಳಲ್ಲಿ ಬರೀ ತಮಟೆ, ರಾಗವೆಲ್ಲಿ ಎಂದ. ಸೈನ್ಯಕ್ಕೆ ಸೇರುವವರಿಗೆಲ್ಲ ಮೊದಲು ಅಣಬೆ ತಿನ್ನಿಸಬೇಕು, ಆಗ ಒಬ್ಬನೂ ಬಂದೂಕು ಎತ್ತುವುದಿಲ್ಲ ಎಂದ. ರಾಜಕಾರಣಿಗಳಿಗೂ ತಿನ್ನಿಸು ಎಂದ ಅಲ್ದಿಯಾರ್. ಬೇಡ, ಅವರು ಹಸುವನ್ನೂ ಮಾರಿಬಿಡುತ್ತಾರೆ ಎಂದ ಗ್ಲೆಬ್. ಅಲ್ದಿಯಾರ್ ಮತ್ತೆ ಭುಜ ಕುಲುಕಿ ನಕ್ಕ. ಅಷ್ಟು ನಕ್ಕ ಶನಿವಾರ ಆ ವರ್ಷದಲ್ಲಿ ಇನ್ನೊಂದಿರಲಿಲ್ಲ. ಸಾಯಂಕಾಲದ ಹೊತ್ತಿಗೆ ನೋಡುವವರು ಐವತ್ತು ದಾಟಿದ್ದರು. ಕೈಸಾರ್ ಅದನ್ನು ಹೇಳಲಿಲ್ಲ.

ಬಾಗಿಲ ಗಂಟೆ ಬಡಿಯಿತು.

ಕೈಸಾರ್ ಏಳುವಷ್ಟರಲ್ಲಿ ಅಲ್ದಿಯಾರ್ ಬಾಗಿಲಿಗೆ ಹೋಗಿಯಾಗಿತ್ತು. ಬಾಗಿಲು ತೆರೆದ ಸದ್ದಾಯಿತು. ಹೊಸ್ತಿಲಿನಾಚೆ ದೊಡ್ಡಪ್ಪ ಜುಮಾಬೆಕ್, ಸೋದರಮಾವ, ಇಬ್ಬರ ನಡುವೆ ನೆಟ್ಟಗೆ ನಿಂತ ಬಾಯ್ಮುಖಾನ್ ಅತಾ. ಮೂವರೂ ಹಬ್ಬದ ಕೋಟು ಹಾಕಿ, ತಲೆಗೆ ಟೋಪಿ ಇಟ್ಟಿದ್ದರು. ಹೇಳದೆ ಕೇಳದೆ ಮೂವರು ಹಿರಿಯರು ಹೀಗೆ ಬಾಗಿಲಲ್ಲಿ ನಿಂತರೆ ಏನರ್ಥವೆಂದು ತಿಳಿಯದ ಮಗು ಆ ದೇಶದಲ್ಲಿಲ್ಲ.

ಕೈಸಾರ್ ಲ್ಯಾಪ್‌ಟಾಪ್ ಮುಚ್ಚಿ, ಕ್ಯಾಮೆರಾ ಆರಿಸಿದ.

"ಬನ್ನಿ ಅತಾ, ಬನ್ನಿ ಬನ್ನಿ," ಎಂದ ಅಲ್ದಿಯಾರ್. ದನಿ ಗಟ್ಟಿಯಾಗಿಯೇ ಇತ್ತು. "ಒಳಗೆ ಬನ್ನಿ. ಮನೆ ಗಲೀಜಾಗಿದೆ. ಗ್ಲೆಬ್, ಚಹಾ ಇಡೋ."

ಹಿರಿಯರು ಸೋಫಾದಲ್ಲಿ ಸಾಲಾಗಿ ಕೂತರು. ಎದುರಿನ ಟೀವಿಯಲ್ಲಿ ಸತ್ತ ಸಿಪಾಯಿಗಳು ಎದ್ದೆದ್ದು ನಿಲ್ಲುತ್ತಿದ್ದರು. ಗ್ಲೆಬ್ ಅದನ್ನೂ ಆರಿಸಿದ. ಅಲ್ದಿಯಾರ್ ಬಟ್ಟಲುಗಳಿಗೆ ಚಹಾ ಸುರಿದ. ಮರ್ಯಾದೆಯ ಅತಿಥಿಗೆ ಬಟ್ಟಲಿನ ತಳದಲ್ಲಷ್ಟೇ ಹಾಕಿ, ಮತ್ತೆ ಮತ್ತೆ ತುಂಬಿಸುವುದು ಪದ್ಧತಿ. ಅಂಚಿನವರೆಗೆ ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗಿ ಎಂದರ್ಥ. ಅಲ್ದಿಯಾರ್ ಮೂರು ಬಟ್ಟಲನ್ನೂ ತುಳುಕುವಷ್ಟು ತುಂಬಿಸಿದ. ಬಾಯ್ಮುಖಾನ್ ಅತಾ ಬಟ್ಟಲು ನೋಡಿದರು, ಹುಡುಗನ ಮುಖ ನೋಡಿದರು, ಎರಡೂ ಕೈಯಲ್ಲಿ ತೆಗೆದುಕೊಂಡು ನಿಧಾನವಾಗಿ ಕುಡಿದರು.

"ರಸ್ತೆ ಈಗ ಚೆನ್ನಾಗಾಗಿದೆ," ಎಂದು ಶುರು ಮಾಡಿದರು. "ಮೊದಲಿನ ಹಾಗಲ್ಲ. ಆದರೂ ದಾರಿ ದಾರೀನೇ ಬಾಲಾಮ್, ನನ್ ಮಗನೇ, ಒಬ್ಬೊಬ್ರದು ಒಂದೊಂದು ಕಡೆ..."

"ಅತಾ, ನಾವು ಇಲ್ಲಿ ಒಂದು ಶೋ ಮಾಡ್ತೀವಿ," ಎಂದ ಅಲ್ದಿಯಾರ್. ಹಿರಿಯರ ಮಾತಿನ ನಡುವೆ ಬಾಯಿ ಹಾಕಿದ್ದು ಅವನ ಜನ್ಮದಲ್ಲೇ ಮೊದಲಿರಬೇಕು. "ಸುಮ್ನೆ ಮಾತಾಡೋದು. ಹಾಡು, ಗೇಮು, ರಾಜಕೀಯ. ಈಗಿನ ಹಾಡುಗಳ ಬಗ್ಗೆ ನಿಮ್ ಅಭಿಪ್ರಾಯ ಏನು ಅತಾ?"

ಜುಮಾಬೆಕ್ ಏನೋ ಹೇಳಹೊರಟರು. ಅತಾ ಅವರ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದರು.

"ಈಗಿನ ಹಾಡಾ?" ಎಂದರು. ತೀರ ಗಂಭೀರವಾಗಿ ಯೋಚಿಸಿದರು. "ಗಲಾಟೆ ಜಾಸ್ತಿ. ಆದ್ರೆ ನಮ್ ಕಾಲದಲ್ಲೂ ಮದುವೆ ಮನೇಲಿ ಬೊಬ್ಬೆ ಹಾಕೋರು ಇದ್ರು. ನನ್ ಮೊಮ್ಮಗ ಒಂದು ಹಾಕ್ತಾನೆ, ಅದರಲ್ಲಿ ಅರ್ಧ ಹಾಡು ಬರೀ ಬೈಗುಳ. ಕುಣಿಯೋಕೆ ಚೆನ್ನಾಗಿದೆ."

"ರಾಜಕೀಯ?"

"ಅವರು ನನ್ನ ಕೇಳಲ್ಲ, ನಾನು ಅವರನ್ನ ಕೇಳಲ್ಲ."

"ಇವನು ಗ್ಲೆಬ್. ಅಣಬೆ ತಿಂದ್ರೆ ದೇವರು ಕಾಣ್ತಾನೆ ಅಂತಾನೆ ಇವನು."

"ಹೌದೇನು? ನಮ್ ಕಡೇನೂ ಬರ್ತವೆ ಅಂಥವು, ಮಳೆ ಬಿದ್ಮೇಲೆ. ನನ್ ಕುದುರೆ ಒಂದು ತಿಂದು ಸತ್..."

ಅತಾ ಬಾಯಿ ಮುಚ್ಚಿಕೊಂಡರು. ಎಷ್ಟೋ ಮನೆಗಳಲ್ಲಿ ಆ ಪದವನ್ನು ಅದರ ಜಾಗಕ್ಕೆ ಮೆಲ್ಲಗೆ ನಡೆಸಿಕೊಂಡು ಹೋದವರು, ಇಲ್ಲಿ ಕುದುರೆಯ ಮೇಲೆ ಹತ್ತಿಸಿ ಬಿಟ್ಟಿದ್ದರು.

ಅಲ್ದಿಯಾರ್ ಕೆಟಲನ್ನು ಕೆಳಗಿಟ್ಟ. ಅತಾನ ಮುಂದೆ ನೆಲದ ಮೇಲೆ ಕೂತ.

"ಸುತ್ತಿ ಬಳಸಬೇಡಿ ಅತಾ. ಬಾಗಿಲು ತೆಗೆದಾಗ್ಲೇ ನಂಗೆ ಅರ್ಥ ಆಯ್ತು," ಎಂದ. "ಅಪ್ಪ ತಾನೆ?"

ಯಾರೂ ಉತ್ತರಿಸಲಿಲ್ಲ. ಅದನ್ನು ಹೌದೆಂದು ತಿಳಿದು ಅಲ್ದಿಯಾರ್ ತಲೆಯಾಡಿಸಿದ. ಕಣ್ಣು ತುಂಬಿಕೊಂಡಿತ್ತು, ಆದರೆ ಮಾತು ಅವಸರದಲ್ಲಿತ್ತು.

"ಅಮ್ಮನಿಗೆ ಇನ್ನೂ ಕೇಳಿಸಿಲ್ಲ ಅಲ್ವಾ? ಈಗ ತಾನೆ ನಮ್ ಜೊತೆ ಇದ್ಳು, ಹೂವು ಹಾಕಿದ್ಳು. ಅವಳಿಗೇನೂ ಗೊತ್ತಿಲ್ಲ. ನಾನು ಬರೋ ತನಕ ಅವಳಿಗೆ ಹೇಳ್ಬೇಡಿ ಅತಾ. ಕೈ ಮುಗೀತೀನಿ. ನಾನು ಪಕ್ಕದಲ್ಲಿ ಕೂತಿದ್ದಾಗ ಹೇಳಿ. ಅವಳ ಎದೆ ಗಟ್ಟಿ ಇಲ್ಲ."

ಸೋದರಮಾವ ಮುಖವನ್ನು ಟೋಪಿಯಲ್ಲಿ ಮುಚ್ಚಿಕೊಂಡರು. ಬಾಯ್ಮುಖಾನ್ ಅತಾ ಜುಮಾಬೆಕ್‌ರತ್ತ ನೋಡಿದರು, ಜುಮಾಬೆಕ್ ಕೈಸಾರ್‌ನತ್ತ. ಆ ಸೀಮೆಗೇ ಹೆಸರಾದ ಬಾಯಿ ಅದು. ಯಾವ ಸಾವಿಗೂ ಅದರ ಬಳಿ ದಾರಿಯಿತ್ತು. ಸತ್ತವರು ಹೂವು ಹಾಕಿದ್ದಾರೆ ಎಂದು ನಂಬಿ ಕೂತವನಿಗೆ ಕೇಳಿಸುವ ದಾರಿ ಮಾತ್ರ ಇರಲಿಲ್ಲ.

"ಅದು ಅಮ್ಮ ಅಲ್ಲ," ಎಂದ ಕೈಸಾರ್.

ಅವನು ಸ್ಟೂಲಿನಿಂದ ಎದ್ದಿರಲಿಲ್ಲ. ಮುಚ್ಚಿದ ಲ್ಯಾಪ್‌ಟಾಪ್ ಇನ್ನೂ ತೊಡೆಯ ಮೇಲಿತ್ತು. ದನಿ ಶನಿವಾರದ ದನಿಯೇ, ಬೇರೆ ದನಿ ಅವನಲ್ಲಿರಲಿಲ್ಲ.

"ಅಲ್ಲೇನೂ ಬಂದಿರ್ಲಿಲ್ಲ. ಹೂವು ಬಂದಿರ್ಲಿಲ್ಲ. ನಾನೇ ಹೇಳಿದ್ದು. ನಿಮ್ಮಪ್ಪ ಚೆನ್ನಾಗಿದಾರೆ."

ಅಲ್ದಿಯಾರ್ ಅವನನ್ನು ನೋಡಿದ. ಮೊದಲು ಅವನ ಭುಜ ಅಲುಗತೊಡಗಿತು, ನಗುತ್ತಾನೇನೋ ಎನ್ನುವಂತಿತ್ತು. ಸದ್ದು ಆಮೇಲೆ ಬಂತು.

ಅತಾ ಸೋಫಾದಿಂದ ಜಾರಿ ನೆಲಕ್ಕೆ ಮೊಣಕಾಲೂರಿ ಅವನನ್ನು ತಬ್ಬಿಕೊಂಡರು. "ಅಳು ಬಾಲಾಮ್, ಅಳು," ಎಂದಷ್ಟೇ ಅಂದರು. ದೊಡ್ಡಪ್ಪ ಒಂದು ಕಡೆ, ಸೋದರಮಾವ ಇನ್ನೊಂದು ಕಡೆ ಹಿಡಿದುಕೊಂಡರು. ಕೈಗಳೆಲ್ಲ ಇರಬೇಕಾದ ಜಾಗದಲ್ಲೇ ಇದ್ದವು. ಮಾತು ಮಾತ್ರ ಬೇರೆ ಕಡೆಯಿಂದ ಬಿದ್ದಿತ್ತು. ಯಾವುದು ಆಗಬಾರದೆಂದು ಇಡೀ ಮಧ್ಯಾಹ್ನ ಕಾವಲು ಕೂತಿದ್ದನೋ ಅದನ್ನು ತಾನೇ ಮಾಡಿದ್ದೇನೆಂದು ಕೈಸಾರ್‌ಗೆ ತಿಳಿಯಿತು. ಲೆಕ್ಕದ ಉತ್ತರ ತಪ್ಪಿದೆಯೆಂದು ತಿಳಿಯುವ ಹಾಗೆ ತಿಳಿಯಿತು, ಬಿಸಿಯೂ ಇಲ್ಲದೆ ತಣ್ಣಗೂ ಇಲ್ಲದೆ.

ಕತ್ತಲಾಗುವ ಮುಂಚೆ ಹೊರಡಬೇಕಿತ್ತು. ಅದಕ್ಕೆ ಮೊದಲು ಮನೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ದುಃಖದವನನ್ನು ತಬ್ಬಿ ಅಳಬೇಕು, ಅದು ಯಾರಿಗೂ ತಪ್ಪುವುದಿಲ್ಲ. ಗ್ಲೆಬ್‌ಗೆ ಪದ್ಧತಿ ಗೊತ್ತಿರಲಿಲ್ಲ, ಆದರೆ ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ. ಕೊನೆಗೆ ಕೈಸಾರ್‌ನ ಸರದಿ.

ಅಲ್ದಿಯಾರ್ ಬಾಗಿಲ ಹತ್ತಿರ ಕೋಟು ಹಾಕಿಕೊಂಡು ನಿಂತಿದ್ದ. ಕೈಸಾರ್ ಎದುರಿಗೆ ಹೋಗಿ ನಿಂತ. ಮುಖಕ್ಕೆ ಹೊಡೆದರೂ ಸರಿ ಎಂದುಕೊಂಡಿದ್ದ, ಹೊಡೆದರೆ ಒಳ್ಳೆಯದಿತ್ತು. ಅಲ್ದಿಯಾರ್ ತೋಳು ತೆರೆದು ಅವನನ್ನು ಎಳೆದುಕೊಂಡ. ಅವನ ಬಾಯಿ ಕೈಸಾರ್‌ನ ಕಿವಿಯ ಹತ್ತಿರವಿತ್ತು.

"ಇಡೀ ಮಧ್ಯಾಹ್ನ ನಾನು ನಗ್ತಾ ಇದ್ದೆ ಕಣೋ," ಎಂದ. "ನೀನು ನಗಕ್ಕೆ ಬಿಟ್ಟೆ."

ಅದು ಬೈಗುಳವೋ, ಉಪಕಾರಸ್ಮರಣೆಯೋ, ಕೈಸಾರ್‌ಗೆ ತಿಳಿಯಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಅಲ್ದಿಯಾರ್ ಬಿಡಲಿಲ್ಲ, ತೋಳು ಇನ್ನೂ ಬಿಗಿಯಾಯಿತು, ಕೈಸಾರ್‌ನ ಪಕ್ಕೆಲುಬು ನೋಯತೊಡಗಿತು. ಕೆಳಗೆ ಜುಮಾಬೆಕ್ ಕಾರು ಶುರುಮಾಡಿ ಹಾರ್ನ್ ಹೊಡೆದರು. ಕೈಸಾರ್ ಉಸಿರು ಹಿಡಿದು ನಿಂತೇ ಇದ್ದ. ನಿಜವಾಗಿಯೂ ನೋಯುತ್ತಿತ್ತು, ಸಡಿಲ ಬಿಡು ಎಂದು ಅವನು ಹೇಳಲಿಲ್ಲ.